ವಿಂಕಾ ಫೆಲಾಂಡಾ ಬರೆದ ಕೇಕು

ಸಾನ್ ಪೆದ್ರೊ ಬಂದರಿನ ಗುಡ್ಡದ ಮೇಲಿನ ಮನೆಗಳಲ್ಲಿ ಗಡಿಯಾರ ಇದ್ದದ್ದು ಗೋಡೆಯ ಅಂದಕ್ಕೆ. ಹೊತ್ತು ಹೇಳುತ್ತಿದ್ದದ್ದು ಕಾರ್ಖಾನೆಯ ಸೈರನ್ನಿನ ಕೂಗು. ಕಾಲುವೆಯ ಆಚೆ ದ್ವೀಪದಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಸಾಲಾಗಿ ನಿಂತಿದ್ದವು; ಒಂದೊಂದಕ್ಕೂ ಒಂದೊಂದು ಕೂಗು. ದೋಣಿಗಳು ಬೂತಾಯಿ ಮೀನು ಹೊತ್ತು ತಂದ ತಕ್ಷಣ, ಬೆಳಗಾಗಲಿ ಮಧ್ಯಾಹ್ನವಾಗಲಿ, ಕೂಗು ಏಳುತ್ತಿತ್ತು. ತನ್ನ ಕಾರ್ಖಾನೆಯ ಕೂಗು ಕಿವಿಗೆ ಬಿದ್ದ ಹೆಂಗಸು ಒಲೆಯ ಮೇಲಿನದನ್ನು ಇಳಿಸಿ, ಮಗುವಿನ ಬಾಯಿಂದ ಮೊಲೆ ಬಿಡಿಸಿ, ಬಿಳಿ ಟೋಪಿ ಹಾಕಿ, ಏಪ್ರನ್ ಕಟ್ಟಿ, ಗುಡ್ಡ ಇಳಿದು ಕಾಲುವೆ ದಾಟಬೇಕಿತ್ತು.

ಲುಕ್ರಾ ಫೆಲಾಂಡಾ ಪಾಯಿಂಟ್ ಬೆಲ್ ಕಾರ್ಖಾನೆಯವಳು. ಅದರ ಕೂಗು ಕರು ಕಳೆದುಕೊಂಡ ಹಸುವಿನದು. ಓಡಿ ಬಂದವರನ್ನು ಅಲ್ಲಿ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಮೀನು ಇಳಿಸಿ ಮೇಜಿಗೆ ಬರುವ ತನಕ ಗಂಟೆಗಟ್ಟಲೆ ಕೂರಬೇಕು. ಕೂತದ್ದಕ್ಕೆ ಕೂಲಿ ಇಲ್ಲ. ಚಾಕು ಮೀನಿಗೆ ತಾಗಿದ ಮೇಲೆ ಕೆಲಸ ಶುರುವಾದ ಹಾಗೆ. ಮಹಾಯುದ್ಧ ಮುಗಿದ ಮೇಲಿನ ಎರಡನೆಯ ಚಳಿಗಾಲ ಹೆಂಗಸರು ಹೇಳಿದರು, ಕೂಗಿದ ಗಳಿಗೆಯಿಂದ ಕೂಲಿ ಕೊಡಿ. ಯಜಮಾನ ನಕ್ಕ. ಮಾರನೆಯ ಬೆಳಿಗ್ಗೆ ಕೂಗು ಎದ್ದಿತು. ಯಾರೂ ಹೋಗಲಿಲ್ಲ.

ಬಾವುಟವಿಲ್ಲ, ಘೋಷಣೆಯಿಲ್ಲ, ಗೇಟಿನ ಮುಂದೆ ಗಲಾಟೆಯಿಲ್ಲ. ಲುಕ್ರಾ ಎಂದಿನಂತೆ ಟೋಪಿ ಹಾಕಿದಳು, ಏಪ್ರನ್ ಕಟ್ಟಿದಳು, ಅಡುಗೆಮನೆಯ ಮೇಜಿನ ಮುಂದೆ ಎರಡೂ ಅಂಗೈ ಊರಿ ಕೂತಳು. ಒಂಬತ್ತು ವರ್ಷದ ಮಗಳು ವಿಂಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮಾ, ಕೂಗ್ತಾ ಇದೆ. ಹೋಗಲ್ವಾ?"

"ಕೆಲಸದಲ್ಲಿದ್ದೀನಿ, ಕಾಣಲ್ವಾ?"

"ಸುಮ್ನೆ ಕೂತಿದ್ದೀಯ."

"ಇಷ್ಟು ವರ್ಷ ಅವರ ಬೆಂಚಲ್ಲಿ ಬಿಟ್ಟಿ ಕೂತೆ ಕಣೇ. ಇವತ್ತು ನನ್ನ ಕುರ್ಚೀಲಿ ಕೂತಿದ್ದೀನಿ. ಬಾಯಿ ಮುಚ್ಚಿ ರೊಟ್ಟಿ ತಿನ್ನು."

ಕೂಗು ಮತ್ತೆ ಎದ್ದಿತು. ಗುಡ್ಡದ ತುಂಬ ನೂರಾರು ಅಡುಗೆಮನೆಗಳಲ್ಲಿ ನೂರಾರು ಹೆಂಗಸರು ಟೋಪಿ ಹಾಕಿಕೊಂಡು ಕೂತಿದ್ದರು. ಮೂರನೆಯ ದಿನ ದೋಣಿ ನಿಲ್ಲುವ ಧಕ್ಕೆಯಲ್ಲಿ ಬೂತಾಯಿ ಕೊಳೆತು, ಗಾಳಿ ತಿರುಗಿ, ಆ ನಾತ ಯಜಮಾನನ ಮನೆಯ ಊಟದ ಕೋಣೆಗೆ ನುಗ್ಗಿತು. ನಾಲ್ಕನೆಯ ದಿನ ಅವನು ಸಹಿ ಹಾಕಿದ. ಕತೆ ಅಷ್ಟೇ.

ಅಷ್ಟೇ ಆದ ಈ ಕತೆಯನ್ನು ಸರಿಯಾಗಿ ಹೇಳಲು ವಿಂಕಾಳಿಗೆ ಮೂವತ್ತೈದು ವರ್ಷ ಹಿಡಿಯಿತು. ಮಧ್ಯದಲ್ಲಿ ಒಂದು ಸಲ ಅವಳೇ ಅದನ್ನು ಕೆಡಿಸಿದಳು.

ಅವಳೂ ರಜೆಗಳಲ್ಲಿ ಪಾಯಿಂಟ್ ಬೆಲ್‌ನಲ್ಲಿ ಮೀನಿನ ತಲೆ ಕಡಿದವಳೇ. ಕೈಗೆ ನಿಂಬೆಹಣ್ಣು ಉಜ್ಜಿ ಉಜ್ಜಿ ಚರ್ಮ ಸುಲಿದರೂ ಕಾಲೇಜಿನ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಹೋದರೆ ಹೋಗಲಿ ಎಂದು ಖಾಲಿಯಾದ ಸೀಟಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಬರೆದಳು. ಮೊದಲ ಕತೆಗೆ ಒಬ್ಬ ಸಂಪಾದಕ, ಬರವಣಿಗೆಯಲ್ಲಿ ಕಸುವಿದೆ, ಆದರೆ ಇಷ್ಟೊಂದು ಮೀನು ಯಾಕೆ ಎಂದು ಬರೆದ. ಎರಡನೆಯ ಕತೆಯಲ್ಲಿ ಇನ್ನೂ ಹೆಚ್ಚು ಮೀನು ಹಾಕಿ ಅವನಿಗೇ ಕಳಿಸಿದಳು. ಇಪ್ಪತ್ತಾರನೆಯ ವಯಸ್ಸಿಗೆ ಹನ್ನೊಂದು ಕತೆಗಳ ಪುಸ್ತಕವೊಂದು ಬಂತು. ಓದಿದವರು ಕಡಿಮೆ. ಓದಿದವರಲ್ಲಿ ಒಬ್ಬ ಟೆಲಿವಿಷನ್ನಿಗೆ ಪೊಲೀಸ್ ಧಾರಾವಾಹಿ ಮಾಡುತ್ತಿದ್ದವನು. ಹಾಗೆ ಅವಳು ಹಾಲಿವುಡ್ಡಿಗೆ ಬಂದಳು. ಮುಂದಿನ ಹದಿನಾಲ್ಕು ವರ್ಷ ವಾರಕ್ಕೊಂದು ಕೊಲೆ ಬರೆದಳು. ಕೊಂದವನು ಯಾರು ಎಂಬುದರಲ್ಲಿ ಅವಳಿಗೇ ಆಸಕ್ತಿ ಇರಲಿಲ್ಲ. ಕೊಂದವನ ಹೆಂಡತಿ ಆವತ್ತು ಏನು ಅಡುಗೆ ಮಾಡಿದ್ದಳು ಎಂಬುದನ್ನು ಮಾತ್ರ ಬಿಡದೆ ಬರೆಯುತ್ತಿದ್ದಳು. ಅದನ್ನು ಧಾರಾವಾಹಿಯವರು ಬಿಡದೆ ಹೊಡೆದುಹಾಕುತ್ತಿದ್ದರು.

ಆ ಕೆಲಸದಲ್ಲಿ ಅವಳಿಗೆ ಗುರು ಎಂದು ಯಾರಾದರೂ ಇದ್ದರೆ ಅದು ಮ್ಯಾನಿ ಗ್ರೂಬೆಲ್. ನಲವತ್ತು ವರ್ಷ ಚಿತ್ರಕತೆ ಬರೆದು ಬೆನ್ನು ಬಾಗಿದ ಯಹೂದಿ ಮುದುಕ. ಫೇರ್‌ಫ್ಯಾಕ್ಸ್ ಬೀದಿಯ ಒಂದು ತಿಂಡಿ ಅಂಗಡಿಯಲ್ಲಿ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಕಡಿಯುತ್ತಾ ಕೂರುವುದೇ ಅವನ ಕಚೇರಿ.

"ನೋಡು ಮರಿ," ಎಂದ ಒಂದು ದಿನ. "ದೊಡ್ಡ ಕುರ್ಚೀಲಿ ಕೂತೋನು ನಾವು ಬರೆದದ್ರಲ್ಲಿ ಏನಾದ್ರೂ ಕಡೀಲೇಬೇಕು. ಕಡೀದಿದ್ರೆ ಅವನು ಇರೋದ್ಯಾಕೆ ಅಂತ ಅವನ ಮೇಲಿನೋನು ಕೇಳ್ತಾನೆ. ಅವನು ನಿನ್ನ ಕೈಕಾಲು ಕಡಿಯೋ ಮುಂಚೆ ನೀನೇ ಒಂದು ಕೋಳಿ ಬಿಡು. ಕೊಬ್ಬಿದ ಕೋಳಿ, ಕಣ್ಣಿಗೆ ಹೊಡೆಯೋ ಅಂಥದ್ದು. ಅದರ ಕತ್ತು ಕುಯ್ದು ಸಮಾಧಾನವಾಗಿ ಊಟಕ್ಕೆ ಹೋಗ್ತಾನೆ."

"ಕುಯ್ಯದೇ ಇದ್ರೆ?"

"ನಲವತ್ತು ವರ್ಷದಲ್ಲಿ ಒಂದು ಕೋಳೀನೂ ಬದುಕಿಲ್ಲ."

ಆ ಊರಿನಲ್ಲಿ ಬರೆಯುವವರೆಲ್ಲ ಮಾಡುವ ಕಸುಬು ಇದು. ವಿಂಕಾ ಒಂದು ಕಂತಿನಲ್ಲಿ ನ್ಯಾಯಾಧೀಶನ ಹೆಗಲ ಮೇಲೆ ಗಿಣಿ ಕೂರಿಸಿದಳು. ಗಿಣಿಯನ್ನು ಕುಯ್ದರು, ಕೊಲೆಗಾರನ ಹೆಂಡತಿಯ ಬೀನ್ಸ್ ಸಾರು ಉಳಿಯಿತು. ಅಲ್ಲಿಂದ ಮುಂದೆ ಅವಳು ಕೋಳಿ ಇಲ್ಲದೆ ಏನನ್ನೂ ಒಪ್ಪಿಸಲಿಲ್ಲ.

ನಲವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಕಡೆಗೂ ಒಂದು ಪೂರ್ತಿ ಸಿನಿಮಾ ಸಿಕ್ಕಿತು. ಕಿಪ್ ಸ್ಟ್ರಾಡರ್ ಎಂಬ ನಿರ್ಮಾಪಕನಿಗೆ ಅವಳು ಆ ಬೆಳಗಿನ ಅಡುಗೆಮನೆಯ ಕತೆ ಹೇಳಿದಳು. ಕಿಪ್ ಓಡುವ ಬೂಟು ಹಾಕಿಕೊಂಡೇ ಕಚೇರಿಗೆ ಬರುವ ಮನುಷ್ಯ, ಎಲ್ಲರನ್ನೂ ಚಿನ್ನಾ ಎನ್ನುವವನು. "ಚಿನ್ನಾ, ಮೈ ಜುಮ್ ಅಂತು. ಬರಿ," ಎಂದ.

ಬರೆದಳು. ಭಾನುವಾರಗಳಂದು ಸಾನ್ ಪೆದ್ರೊಗೆ ಹೋಗಿ ಬರೆದಷ್ಟನ್ನು ಅಮ್ಮನಿಗೆ ಹೇಳುತ್ತಿದ್ದಳು. ಲುಕ್ರಾಳಿಗೆ ಇಂಗ್ಲಿಷ್ ಓದಲು ಬಾರದು. ಅವಳ ಜೊತೆ ಅದೇ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಚಾಕು ಹಿಡಿದಿದ್ದ ಮೆಕ್ಸಿಕೊದ ಚೋನಾ ಅರೆದೊಂದೊ ಎದುರಿಗೆ ಕೂರುತ್ತಿದ್ದಳು. ಲುಕ್ರಾ ಒಣಮೀನು, ಟೊಮ್ಯಾಟೊ ತುಂಬಿದ ಪೊಗಾಚಾ ರೊಟ್ಟಿ ಸುಡುವಳು. ಚೋನಾ ಬುಟ್ಟಿಯಲ್ಲಿ ಜೋಳದ ಹಿಟ್ಟಿನ ತಮಾಲೆ ಹೊತ್ತು ತರುವಳು. ಇಬ್ಬರೂ ಮಗಳ ಕತೆಯಲ್ಲಿ ತಪ್ಪು ಹುಡುಕುವರು.

"ಕೂಗು ಐದು ಸಲ ಎದ್ದಿತು ಅಂತ ಬರೆದಿದ್ದೀನಿ," ಎಂದಳು ವಿಂಕಾ.

"ಇರಬಹುದು. ಎಣಿಸಿದ್ಯಾರು," ಎಂದಳು ಲುಕ್ರಾ.

"ನನ್ನ ಪಾತ್ರ ಯಾರು ಮಾಡ್ತಾರಂತೆ?" ಎಂದು ಚೋನಾ ಕೇಳಿದಳು. "ಎದೆ ಚೆನ್ನಾಗಿರೋಳನ್ನ ಹುಡುಕೋಕೆ ಹೇಳು. ನಂದು ಆಗ ಚೆನ್ನಾಗಿತ್ತು. ಅಲ್ವಾ ಕೊಮಾದ್ರೆ?" ಎಂದು ಗೆಳತಿಯನ್ನು ತನ್ನ ಭಾಷೆಯಲ್ಲಿ ಕರೆದಳು.

"ನಿನ್ನ ಎದೆ ನೋಡ್ತಾ ಕೂತಿದ್ರೆ ನನ್ನ ಬೆರಳು ಡಬ್ಬಿ ಸೇರ್ತಿತ್ತು," ಎಂದಳು ಲುಕ್ರಾ.

ಬರೆದದ್ದನ್ನೆಲ್ಲ ವಿಂಕಾ ಅವರಿಗೆ ಹೇಳಿದಳು, ಒಂದನ್ನು ಬಿಟ್ಟು. ಕೋಳಿಯನ್ನು ಹೇಳಲಿಲ್ಲ.

ಅವಳು ಬಿಟ್ಟ ಕೋಳಿ ಒಂದು ಕೇಕು. ಚಿತ್ರ ಮುಗಿಯುವ ಮುಂಚೆ, ಎರಡು ಹಾಳೆಯಷ್ಟು: ಯಜಮಾನ ಮೂರಂತಸ್ತಿನ ಬಿಳಿ ಕೇಕನ್ನು ಗಾಡಿಯಲ್ಲಿ ಹೇರಿಕೊಂಡು ಗುಡ್ಡ ಹತ್ತಿ ಬರುತ್ತಾನೆ, ಹೆಂಗಸರು ಮನೆಗಳಿಂದ ಹೊರಬರುತ್ತಾರೆ, ಅವನು ಟೋಪಿ ತೆಗೆದು ನಾನೂ ತಾಯಿ ಹೆತ್ತ ಮಗನೇ ಎನ್ನುತ್ತಾನೆ, ಎಲ್ಲರೂ ಅಳುತ್ತಾ ಕೇಕು ತಿನ್ನುತ್ತಾರೆ. ಅದನ್ನು ಟೈಪ್ ಮಾಡುವಾಗ ವಿಂಕಾಳಿಗೆ ನಗು ತಡೆಯಲಾಗದೆ ಕಾಫಿ ಮೂಗಿಗೆ ಹತ್ತಿತ್ತು. ಇದನ್ನು ಕಡಿಯದವನು ಮನುಷ್ಯನೇ ಅಲ್ಲ ಎಂದುಕೊಂಡಳು. ಕಡಿದರೆ ನೂರು ಅಡುಗೆಮನೆಗಳ ಮೌನ ಉಳಿಯುತ್ತದೆ.

ವಾರದ ಮೇಲೆ ಕಿಪ್ ಕರೆಸಿದ. ಅವನ ಕಣ್ಣು ಕೆಂಪಾಗಿತ್ತು.

"ಚಿನ್ನಾ, ಅತ್ತುಬಿಟ್ಟೆ. ನನ್ನ ಹೆಂಡತೀಗೂ ಓದಿ ಹೇಳ್ದೆ, ಅವಳೂ ಅತ್ತಳು."

"ಅಡುಗೆಮನೆ?"

"ಕೇಕು!"

ಕಿಪ್ ಆ ಎರಡು ಹಾಳೆಗಳನ್ನು ಎತ್ತಿ ಹಿಡಿದ.

"ಇದೇ ಪಿಕ್ಚರಿನ ಜೀವ. ಉಳಿದದ್ದೆಲ್ಲ ಈ ಕೇಕಿನ ಕಡೆಗೆ ಹೋಗಬೇಕು. ಆ ಹೆಂಗಸರು ಸುಮ್ನೆ ಕೂತೇ ಇರ್ತಾರಲ್ಲ, ಅದು ಸ್ವಲ್ಪ... ಕೂತಿರೋರನ್ನ ಎಷ್ಟೊತ್ತು ನೋಡ್ತಾರೆ ಜನ?"

"ಕಿಪ್, ಕೇಕು ನಡೆದೇ ಇಲ್ಲ. ಅದನ್ನ ತೆಗೀಬೇಕು ಅಂತಲೇ ಇದ್ದೆ."

"ತೆಗೆಯೋದಾ! ನಿನಗೆ ಬಂದ ಅತಿ ಒಳ್ಳೇ ಯೋಚನೆ ಕಣಮ್ಮ ಅದು."

ಅವಳು ಜಗಳ ಕಾದಳು. ಐದು ಪತ್ರ ಬರೆದಳು. ಐದನೆಯದಕ್ಕೆ ಉತ್ತರ ಬರಲಿಲ್ಲ; ಬದಲಿಗೆ ಇನ್ನೊಬ್ಬ ಬರಹಗಾರ ಬಂದ. ಅಲ್ಲಿನ ಪದ್ಧತಿ ಹೀಗೆ: ಚಿತ್ರಕತೆ ಬಿಳಿ ಹಾಳೆಯಲ್ಲಿರುತ್ತದೆ, ತಿದ್ದಿದ ಹಾಳೆಗಳು ಒಂದೊಂದು ಸರದಿಗೆ ಒಂದೊಂದು ಬಣ್ಣದಲ್ಲಿ ಬಂದು ಹಳೆಯವನ್ನು ಹೊರಹಾಕುತ್ತವೆ. ನೀಲಿ ಬಂತು, ಮುಷ್ಕರಕ್ಕೆ ಒಬ್ಬ ಸುಂದರ ನಾಯಕ ಹುಟ್ಟಿದ. ಗುಲಾಬಿ ಬಂತು, ಅವನಿಗೆ ಯಜಮಾನನ ಮಗಳ ಮೇಲೆ ಪ್ರೀತಿ ಹುಟ್ಟಿತು. ಹಳದಿ ಬಂತು, ಲುಕ್ರಾಳ ಪಾತ್ರಕ್ಕೆ ಕ್ಷಯ ಬಂತು. ಹಸಿರು ಬಂದಾಗ ಬೆಂಚಿನ ಮಾತೇ ಇರಲಿಲ್ಲ. ಟೈಪಿಂಗ್ ವಿಭಾಗದ ಗೆಳತಿಯೊಬ್ಬಳು ಕೊನೆಯ ಪ್ರತಿಯನ್ನು ಕದ್ದು ತಂದು ಕೊಟ್ಟಳು. ಬಣ್ಣಬಣ್ಣದ ಆ ಕಟ್ಟಿನಲ್ಲಿ ಬಿಳಿಯಾಗಿ ಉಳಿದದ್ದು ಎರಡೇ ಹಾಳೆ. ಕೇಕು.

ಚಿತ್ರೀಕರಣ ಮುಗಿಯಿತು. ಬರೆದವರು ಯಾರು ಎಂದು ತೆರೆಯ ಮೇಲೆ ಹಾಕುವ ಹೆಸರನ್ನು ಕಂಪನಿ ಮೊದಲೇ ಲಿಖಿತವಾಗಿ ತಿಳಿಸಬೇಕು. ತಿಳಿಸಿತು. ಅದರಲ್ಲಿ ಎರಡನೆಯವನ ಹೆಸರೊಂದೇ ಇತ್ತು. ಪತ್ರದ ಹಿಂದೆಯೇ ಕಿಪ್‌ನ ಫೋನು ಬಂತು.

"ಚಿನ್ನಾ, ಬೇಜಾರು ಮಾಡ್ಕೋಬೇಡ. ನಿನಗೆ ಆ ಪಿಕ್ಚರ್ ಹೇಗೂ ಇಷ್ಟ ಇಲ್ಲ. ಹೆಸರು ಬಿಟ್ಟುಬಿಡು. ಮುಂದಿನ ಎರಡು ಪಿಕ್ಚರ್ ನಿನಗೇ. ಈಗಲೇ ಬರೆದುಕೊಡ್ತೀನಿ."

ವಿಂಕಾಳಿಗೆ ಬೇಜಾರಾಗಲಿಲ್ಲ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೇಕಿನಲ್ಲಿ ತನ್ನ ಹೆಸರಿಲ್ಲ! ಅಮ್ಮನಿಗೆ ಮುಖ ತೋರಿಸಬಹುದು. ಆ ಗೆಲುವಿನಲ್ಲೇ ಮ್ಯಾನಿಯ ಅಂಗಡಿಗೆ ಹೋಗಿ ಹೇಳಿದಳು. ಮುದುಕ ಸೌತೆಕಾಯಿ ಕೆಳಗಿಟ್ಟ.

"ಒಪ್ಪಿಕೊಂಡ್ಯಾ?"

"ಇನ್ನೂ ಇಲ್ಲ. ನಾಳೆ ಹೇಳ್ತೀನಿ."

"ಕತ್ತೆ! ಹದಿನಾಲ್ಕು ವರ್ಷದಿಂದ ಬರಹಗಾರರ ಸಂಘದಲ್ಲಿದ್ದೀಯ, ಕಂಪನಿಗಳ ಜೊತೆಗಿನ ಒಪ್ಪಂದ ಒಂದು ಸಲವಾದ್ರೂ ಓದಿದ್ದೀಯಾ? ಕತೆ ಯಾರದು ಅಂತ ತೆರೆ ಮೇಲೆ ಬರುತ್ತೋ, ಅದನ್ನ ಪುಸ್ತಕ ಮಾಡೋ ಹಕ್ಕು ಅವನದು. ಈ ಒಂದು ಸಾಲಿಗೋಸ್ಕರ ನಾವು ಎಷ್ಟು ತಿಂಗಳು ಬಿಸಿಲಲ್ಲಿ ಬೋರ್ಡ್ ಹಿಡಿದು ಸುತ್ತಿದ್ದೀವಿ ಗೊತ್ತಾ? ಹೆಸರು ಹೋದ್ರೆ ನಿಮ್ಮಮ್ಮನ ಮುಷ್ಕರದ ಕತೇನೂ ಹೋಯ್ತು. ನಾಳೆ ನೀನು ನಿಮ್ಮಮ್ಮ ಅಡುಗೆಮನೇಲಿ ಕೂತಿದ್ದಳು ಅಂತ ಒಂದು ಕತೆ ಬರೆದ್ರೂ ಅವರ ವಕೀಲ ಬಾಗಿಲು ತಟ್ತಾನೆ. ಎರಡು ಪಿಕ್ಚರ್ ಕೊಡ್ತಾನಂತೆ! ಯಾಕೆ ಕೊಡ್ತಾನೆ ಯೋಚನೆ ಮಾಡು. ಅವರು ಆಗಲೇ ಪುಸ್ತಕ ಬರೆಸ್ತಾ ಇದ್ದಾರೆ. ರಟ್ಟಿನ ಮೇಲೆ ಕೇಕಿರುತ್ತೆ."

ವಿಂಕಾ ಲೆಕ್ಕ ಹಾಕಿದಳು. ಕತೆ ತನ್ನ ಕೈಯಲ್ಲಿ ಉಳಿಯಬೇಕಾದರೆ ಹೆಸರು ಬೇಕು. ಹೆಸರು ಬೇಕಾದರೆ ಕೇಕಿನ ಕೆಳಗೆ ನಿಲ್ಲಬೇಕು.

ಮಾರನೆಯ ದಿನ ಕಿಪ್‌ಗೆ ಆಗುವುದಿಲ್ಲ ಎಂದಳು. ಅವನ ಬಾಯಿಂದ ಆಮೇಲೆ ಚಿನ್ನ ಉದುರಲಿಲ್ಲ. "ಈ ಊರಲ್ಲಿ ಇನ್ನು ನಿನಗೆ ಕೆಲಸ ಹುಟ್ಟೋದು ಕಷ್ಟ," ಎಂದ.

"ಮೀನು ಕೊಯ್ಯೋಕೆ ಬರುತ್ತೆ ನಂಗೆ," ಎಂದು ಫೋನಿಟ್ಟಳು.

ತಕರಾರನ್ನು ತೀರ್ಮಾನಿಸುವವರು ಸಂಘದ ಮೂವರು ಬರಹಗಾರರು. ಅವರು ಯಾರು ಎಂದು ಇವರಿಗೆ ಗೊತ್ತಿರುವುದಿಲ್ಲ. ಇವರು ಯಾರು ಎಂದು ಅವರಿಗೂ ಗೊತ್ತಿರುವುದಿಲ್ಲ. ಹೆಸರಿನ ಜಾಗದಲ್ಲಿ ಒಂದನೆಯ ಬರಹಗಾರ, ಎರಡನೆಯ ಬರಹಗಾರ ಎಂದಷ್ಟೇ. ಎಲ್ಲ ಕರಡುಗಳ ಜೊತೆ ಒಂದು ಹೇಳಿಕೆ ಕೊಡಬಹುದು. ವಿಂಕಾ ಒಂಬತ್ತು ಹಾಳೆ ಬರೆದು ಮ್ಯಾನಿಗೆ ತೋರಿಸಿದಳು. ಬೆಂಚು, ಕೂಗು, ಅಡುಗೆಮನೆ, ನಾತ, ಎಲ್ಲ ಇತ್ತು.

"ಚೆನ್ನಾಗಿದೆ," ಎಂದ ಮ್ಯಾನಿ. "ಕಸದ ಬುಟ್ಟಿಗೆ ಹಾಕು. ಇದರಲ್ಲಿರೋ ಯಾವುದೂ ಪಿಕ್ಚರಲ್ಲಿ ಇಲ್ಲ. ಅವರು ನೋಡೋದು ತೆರೆ ಮೇಲೆ ಏನು ಉಳಿದಿದೆ ಅಂತ. ಉಳಿದಿರೋದೇನು?"

"ಹೇಳಲ್ಲ."

"ಬಾಯಿ ಬಿಡು."

"ಕೇಕು."

"ಅದು ಯಾರದು?"

ವಿಂಕಾ ಮೇಜಿಗೆ ಗುದ್ದಿದಳು. ತಟ್ಟೆಗಳು ಎಗರಿದವು. "ನೀವು ಹೇಳಿಕೊಟ್ಟ ಕೋಳಿ ಅದು! ಒಂದೂ ಬದುಕಿಲ್ಲ ಅಂದ್ರಿ!"

"ಅಂದೆ. ಮುದುಕ, ತಪ್ಪು ಹೇಳ್ದೆ. ಆದ್ರೆ ಟೈಪ್ ಮಾಡಿದ್ದು ನನ್ನ ಬೆರಳಲ್ಲ. ಅದು ನಿಂದು ಅಂತ ಬರಿ. ಹೊಟ್ಟೆ ತೊಳೆಸಿದ್ರೆ ಬಚ್ಚಲಿಗೆ ಹೋಗಿ ಬಂದು ಬರಿ."

ಬರೆದಳು. ಕಾರ್ಮಿಕರ ಮುಷ್ಕರ, ಅದರ ಕಾರಣ, ಕೊನೆಗೆ ಯಜಮಾನ ಗುಡ್ಡಕ್ಕೆ ಕೇಕು ತರುವುದು, ಇಷ್ಟೂ ಒಂದನೆಯ ಬರಹಗಾರರ ಮೊದಲ ಕರಡಿನ ಸ್ವಂತ ಕಲ್ಪನೆ. ಹದಿನಾಲ್ಕು ವರ್ಷದ ಕೊಲೆಗಳಲ್ಲಿ ಅವಳು ಬರೆದ ಯಾವ ಸಾಲೂ ಇಷ್ಟು ಉಸಿರು ಹಿಡಿಸಿರಲಿಲ್ಲ.

ಮೂವರು ಅಪರಿಚಿತರು ಓದಿ ತೀರ್ಪು ಕೊಟ್ಟರು. ಕತೆ: ವಿಂಕಾ ಫೆಲಾಂಡಾ. ಅವಳದೊಂದೇ ಹೆಸರು. ಚಿತ್ರಕತೆಗೆ ಇಬ್ಬರದೂ. ಮ್ಯಾನಿ ಸಂಭ್ರಮದಿಂದ ಇನ್ನೊಂದು ಉಪಾಯ ತಂದ.

"ಈಗ ಸುಳ್ಳು ಹೆಸರು ಹಾಕಿಸ್ಕೋ. ಅದಕ್ಕೂ ನಿಯಮ ಇದೆ, ಐದು ದಿನದಲ್ಲಿ ಅರ್ಜಿ ಕೊಡಬೇಕು. ಹಕ್ಕೂ ಉಳಿಯುತ್ತೆ, ಮಾನಾನೂ ಉಳಿಯುತ್ತೆ. ಗಟ್ಟಿಯಾಗಿ ಒಂದು ಹೆಸರು ಯೋಚನೆ ಮಾಡು."

ಅದೇ ಸರಿ ಎನಿಸಿತು. ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಭಾನುವಾರ ಅಮ್ಮನ ಮನೆಗೆ ಹೋದಳು. ಎಂದಿನಂತೆ ಚೋನಾ ಇದ್ದಳು. ಮೇಜಿನ ಮೇಲೆ ಪೊಗಾಚಾ ಇತ್ತು. ವಿಂಕಾ ತಿನ್ನದೆ ಎಲ್ಲವನ್ನೂ ಹೇಳಿದಳು. ಕೋಳಿಯ ವಿಷಯ, ಕೇಕಿನ ವಿಷಯ, ಅದನ್ನು ಬರೆದದ್ದು ಇನ್ನೊಬ್ಬನಲ್ಲ, ತಾನು.

ಲುಕ್ರಾ ತಲೆ ತಗ್ಗಿಸಿ ಪೊಗಾಚಾ ಮುರಿದಳು. ಮೊದಲು ಬಾಯಿ ಬಿಟ್ಟವಳು ಚೋನಾ.

"ಎಂಥ ಕೇಕು?"

"ಮೂರಂತಸ್ತು. ಬಿಳಿ ಕೆನೆ."

"ನಾವು ಅಳ್ತೀವಾ?"

"ಅಳ್ತೀರ."

"ಆ ನನ್ಮಗ ನನಗೆ ಬೆರಳಿಗೆ ಸುತ್ತೋಕೆ ಬಟ್ಟೆ ಕೊಟ್ಟಿಲ್ಲ," ಎಂದು ಚೋನಾ ಎಡಗೈಯ ಮೊಂಡಾದ ಕಿರುಬೆರಳನ್ನು ಎತ್ತಿ ನೋಡಿಕೊಂಡಳು. "ಕೇಕು ತಂದನಂತೆ, ಕೇಕು."

"ಸುಳ್ಳು ಹೆಸರು ಹಾಕಿಸ್ತಾ ಇದ್ದೀನಿ ಅಮ್ಮಾ. ನಮ್ಮ ಹೆಸರು ಅದರ ಮೇಲೆ ಬರಲ್ಲ."

ಲುಕ್ರಾ ಆಗ ತಲೆಯೆತ್ತಿದಳು. "ಯಾರ ಹೆಸರು ಹಾಕ್ತೀಯ?"

"ಯಾರದೂ ಅಲ್ಲ. ಸುಮ್ನೆ ಒಂದು."

"ಇಲ್ಲದ ಹೆಂಗಸಿನ ಹೆಸರು."

"ಹೂಂ."

"ಸಹಿ ಹಾಕಿದ ಮೇಲೆ ಯಜಮಾನ ನಮ್ಮನ್ನೆಲ್ಲ ಗೇಟಲ್ಲಿ ನಿಲ್ಲಿಸಿದ. ಮನೇಲಿ ಕೂತೋರು ಯಾರ್ಯಾರು, ಹೆಸರು ಹೇಳಿ ಒಳಗೆ ಹೋಗಿ ಅಂದ. ಮುಂದೆ ಒಬ್ಬೊಬ್ಬರನ್ನೇ ಕೆಲಸದಿಂದ ತೆಗೆಯೋಕೆ ಪಟ್ಟಿ ಬೇಕಿತ್ತು ಅವನಿಗೆ. ಜ್ವರ ಬಂದಿತ್ತು ಅಂತ ಹೇಳಬಹುದಿತ್ತು. ಕೂಗು ಕೇಳಿಸಲಿಲ್ಲ ಅನ್ನಬಹುದಿತ್ತು. ನಾನು ಲುಕ್ರಾ ಫೆಲಾಂಡಾ ಅಂದೆ. ಹಿಂದಿದ್ದೋಳು ಹೇಳಿದ್ಲು. ಅವಳ ಹಿಂದಿನೋಳೂ ಹೇಳಿದ್ಲು. ಪಟ್ಟಿ ಎಷ್ಟು ಉದ್ದ ಆಯ್ತು ಅಂದ್ರೆ ಅದನ್ನ ಇಟ್ಕೊಂಡು ಏನ್ಮಾಡೋದು ಅಂತ ಅವನಿಗೇ ಗೊತ್ತಾಗಲಿಲ್ಲ."

"ಅದು ನೀವು ಮಾಡಿದ ಒಳ್ಳೇ ಕೆಲಸಕ್ಕಮ್ಮಾ. ಇದು—"

"ಹೊಲಸು ಮಾಡಿದ್ದು ನೀನು. ಹುಟ್ಟದೇ ಇರೋ ಹೆಂಗಸಿನ ತಲೆಗೆ ಯಾಕೆ ಕಟ್ತೀಯ? ನಿನ್ನ ಹೆಸರೇ ಇರಲಿ. ಜನ ಉಗೀಲಿ. ಉಗಿಸ್ಕೊಂಡು ಆಮೇಲೆ ಸರಿಯಾಗಿ ಬರಿ." ಪೊಗಾಚಾ ತಟ್ಟೆಯನ್ನು ಮಗಳ ಮುಂದೆ ತಳ್ಳಿದಳು. "ತಿನ್ನು. ಕೇಕಿಲ್ಲ ಇಲ್ಲಿ."

ಅರ್ಜಿ ಚೀಲದಲ್ಲೇ ಉಳಿಯಿತು. ಐದು ದಿನ ಕಳೆಯಿತು.

ಚಿತ್ರ ಬಂತು. ಪ್ರಚಾರಕ್ಕೆ ಕಿಪ್ ಒಂದು ಹೊಸ ಯೋಚನೆ ಮಾಡಿದ: ಸಾನ್ ಪೆದ್ರೊದ ಹಳೆಯ ಥಿಯೇಟರಿನಲ್ಲಿ ಮಧ್ಯಾಹ್ನದ ಆಟ, ಪಾಯಿಂಟ್ ಬೆಲ್‌ನಲ್ಲಿ ದುಡಿದಿದ್ದ ನಿಜವಾದ ಹೆಂಗಸರಿಗೆ ಬಿಟ್ಟಿ ಪ್ರವೇಶ. ಅರವತ್ತು ಎಪ್ಪತ್ತು ಜನ ಬಂದರು. ಕೆಲವರಿಗೆ ಕೋಲು, ಕೆಲವರಿಗೆ ಮೊಮ್ಮಕ್ಕಳ ಹೆಗಲು. ಲುಕ್ರಾಳೂ ಚೋನಾಳೂ ಮೂರನೆಯ ಸಾಲಿನಲ್ಲಿ ಕೂತರು. ವಿಂಕಾ ಹಿಂದಿನ ಗೋಡೆಗೆ ಒರಗಿ ನಿಂತಳು.

ಹೆಸರು ಬಂದಾಗ ಚಪ್ಪಾಳೆ ಬಿತ್ತು. "ಲುಕ್ರಾಳ ಮಗಳು!" ಎಂದು ಯಾರೋ ಕೂಗಿದರು. ಬಿಳಿ ಅಕ್ಷರದ ಆ ಹೆಸರು ನಾಲ್ಕೈದು ಸೆಕೆಂಡು ನಿಂತಿತ್ತು. ವಿಂಕಾ ಕಣ್ಣು ತೆಗೆಯದೆ ನೋಡಿದಳು.

ಸುಂದರ ನಾಯಕ ಬಂದಾಗ ಚೋನಾ ಗಟ್ಟಿಯಾಗಿ, "ಇವನು ಯಾವ ಮೇಜಲ್ಲಿದ್ದ? ನೋಡಿದ್ರೆ ಮರೀತಿರಲಿಲ್ಲ ನಾನು," ಎಂದಳು. ನಗು ಎದ್ದಿತು. ಲುಕ್ರಾಳ ಪಾತ್ರ ಕೆಮ್ಮಿ ಕೆಮ್ಮಿ ಸತ್ತಾಗ ನಿಜವಾದ ಲುಕ್ರಾ, "ಅಯ್ಯೋ ಪಾಪ," ಎಂದು ಕೋಟಿನ ತುದಿಯಿಂದ ಕಣ್ಣೊರೆಸುವ ನಾಟಕ ಮಾಡಿದಳು. ಆಮೇಲೆ ಕೇಕು ಗುಡ್ಡ ಹತ್ತಿತು. ಪಿಟೀಲುಗಳು ಶುರುವಾದವು.

ಥಿಯೇಟರು ಸ್ತಬ್ಧವಾಯಿತು. ಯಾರೂ ನಗಲಿಲ್ಲ, ಬೈಯಲಿಲ್ಲ. ತೆರೆಯ ಮೇಲಿನ ಹೆಂಗಸರು ಓಡೋಡಿ ಬಂದು ಕೇಕಿಗೆ ಕೈಯೊಡ್ಡಿ ಅತ್ತರು. ಕೆಳಗಿನ ಹೆಂಗಸರು ತೊಡೆಯ ಮೇಲೆ ಕೈಯಿಟ್ಟುಕೊಂಡು ನೋಡಿದರು. ಆ ಮೌನ ವಿಂಕಾಳಿಗೆ ಗುರುತಿತ್ತು. ಒಂಬತ್ತು ವರ್ಷದವಳಿದ್ದಾಗ ಕೇಳಿದ್ದೇ ಅದು.

ದೀಪ ಹತ್ತಿತು. ಕಿಪ್ ಪಕ್ಕದ ಬಾಗಿಲಿಂದ ಕೈ ತಟ್ಟುತ್ತಾ ಬಂದ.

"ಅಮ್ಮಂದಿರೇ, ನಿಮಗೊಂದು ಉಡುಗೊರೆ ಇದೆ! ಹೊರಗೆ ಬನ್ನಿ. ಪತ್ರಿಕೆಯವರು ಕಾಯ್ತಾ ಇದ್ದಾರೆ."

ತೆರೆದ ಬಾಗಿಲಾಚೆ ಹಜಾರದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು ಕಾಣುತ್ತಿತ್ತು. ಅದರ ಮೇಲೆ ಮೂರಂತಸ್ತಿನ ಬಿಳಿ ಕೇಕು. ಅದರ ಸುತ್ತ ಮೂವರು ಫೋಟೊದವರು, ಚಿತ್ರದಲ್ಲಿ ಯಜಮಾನನಾಗಿದ್ದ ನಟ, ಕೈಯಲ್ಲಿ ಚಾಕು.

ಲುಕ್ರಾ ಎದುರಿನ ಸೀಟಿನ ಬೆನ್ನಿನ ಮೇಲೆ ಎರಡೂ ಅಂಗೈ ಊರಿದಳು. ಏಳಲಿಲ್ಲ. ಚೋನಾ ಏಳಲಿಲ್ಲ. ಅವರ ಹಿಂದಿನ ಸಾಲು ಏಳಲಿಲ್ಲ. ಎದ್ದಿದ್ದ ಒಬ್ಬಳು ಸುತ್ತ ನೋಡಿ ಮತ್ತೆ ಕೂತಳು.

"ಬನ್ನಿ, ಬನ್ನಿ," ಎಂದ ಕಿಪ್. ಮತ್ತೆ ಕೈ ತಟ್ಟಿದ. ಆಮೇಲೆ ವಿಂಕಾಳ ಹತ್ತಿರ ಬಂದು ಪಿಸುಗುಟ್ಟಿದ. "ಏನಾಯ್ತು ಇವರಿಗೆ? ಕಿವಿ ಕೇಳಿಸಲ್ವಾ? ನಿನ್ನ ಜನ ಅಲ್ವಾ, ನೀನು ಕರಿ. ಎರಡು ಪಿಕ್ಚರ್ ಮಾತು ನಾನಿನ್ನೂ ಮರೆತಿಲ್ಲ."

ವಿಂಕಾ ಗೋಡೆ ಬಿಟ್ಟು ನಡೆದಳು. ಕರೆಯಲು ಹೊರಟಳೆಂದು ಅವನು ಹಿಂದೆಯೇ ಬಂದ. ಅವಳು ಮೂರನೆಯ ಸಾಲಿಗೆ ಹೋಗಿ ಅಮ್ಮನ ಪಕ್ಕದ ಮಡಚಿದ್ದ ಖಾಲಿ ಸೀಟು ಬಿಡಿಸಿಕೊಂಡು ಕೂತಳು. ಲುಕ್ರಾ ಅವಳ ಕಡೆ ತಿರುಗಲಿಲ್ಲ. ಮಗಳ ಕಾಲಿಗೆ ಅಡ್ಡವಿದ್ದ ಕೈಚೀಲವನ್ನು ಮಾತ್ರ ಎತ್ತಿ ಜಾಗ ಮಾಡಿದಳು.

ಮುಕ್ಕಾಲು ಗಂಟೆ ಕೂತರು. ಕಿಪ್ ಐದು ಸಲ ಬಂದು ಕರೆದ. ಮೊದಲು ಅಮ್ಮಂದಿರೇ ಎಂದ, ಆಮೇಲೆ ಮಹಿಳೆಯರೇ ಎಂದ, ಕೊನೆಗೆ ನೋಡಿ ಇವರೇ ಎಂದ. ಫೋಟೊದವರು ಪೆಟ್ಟಿಗೆ ಮುಚ್ಚಿ ಹೋದರು. ಹಜಾರದ ದೀಪದ ಕಾವಿಗೆ ಮೇಲಿನ ಅಂತಸ್ತು ಒಂದು ಕಡೆಗೆ ಜಾರಿತು. ಆಗ ಚೋನಾ, "ನನಗೆ ಉಚ್ಚೆ ಬಂತು. ಇನ್ನು ಏಳೋಣವಾ?" ಎಂದಳು. ಎಲ್ಲರೂ ಒಟ್ಟಿಗೆ ಎದ್ದರು. ಕೇಕಿನ ಪಕ್ಕದಲ್ಲೇ ಹಾದು, ಅದನ್ನು ನೋಡದೆ, ಬಿಸಿಲಿಗೆ ಹೋದರು.

ಕಿಪ್ ಹೇಳಿದ್ದು ಸುಳ್ಳಾಗಲಿಲ್ಲ. ವಿಂಕಾಳಿಗೆ ಆಮೇಲೆ ಸಿನಿಮಾದಲ್ಲಿ ಕೆಲಸ ಹುಟ್ಟಲಿಲ್ಲ. ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚುತ್ತಿದ್ದ ಕಾಲ; ಮೀನು ಕೊಯ್ಯುವ ಮಾತೂ ಮಾತಾಗಿಯೇ ಉಳಿಯಿತು. ಧಕ್ಕೆಯ ಯೂನಿಯನ್ ಸಭಾಂಗಣದಲ್ಲಿ ಸಂಜೆ ಪಾಠ ಹೇಳಿ ಬದುಕಿದಳು. ಪುಸ್ತಕಕ್ಕೆ ಆರು ತಿಂಗಳು ಕಾಯಬೇಕೆಂಬ ನಿಯಮದಂತೆ, ಚಿತ್ರ ಬಿಡುಗಡೆಯಾಗಿ ಅಷ್ಟು ಕಾಲ ಕಳೆದ ವಾರವೇ ಅವಳ ಪುಸ್ತಕ ಹೊರಬಂತು. ಕಂಪನಿಯ ವಕೀಲ ಪತ್ರ ಬರೆದ. ಅವಳು ಮೂವರು ಅಪರಿಚಿತರ ತೀರ್ಪಿನ ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಕಳಿಸಿದಳು. ಅವನು ಮತ್ತೆ ಬರೆಯಲಿಲ್ಲ. ಪುಸ್ತಕದಲ್ಲಿ ಬೆಂಚಿತ್ತು, ಕೂಗಿತ್ತು, ನೂರಾರು ಅಡುಗೆಮನೆಗಳಿದ್ದವು. ಕೊನೆಯ ಅಧ್ಯಾಯದಲ್ಲಿ ಕೇಕೂ ಇತ್ತು: ಅದನ್ನು ಬರೆದದ್ದು ಯಾರು, ಯಾಕೆ, ಅದರ ಮುಂದೆ ಮುಕ್ಕಾಲು ಗಂಟೆ ಕೂತವರು ಯಾರ್ಯಾರು, ಒಬ್ಬೊಬ್ಬರ ಹೆಸರೂ.

ಚೋನಾಳ ಮೊಮ್ಮಗಳು ಹನ್ನೊಂದು ಭಾನುವಾರ ಕೂತು ಅದನ್ನು ಇಬ್ಬರಿಗೂ ಓದಿ ಹೇಳಿದಳು. ಮುಗಿದ ದಿನ ವಿಂಕಾ ಬಂದಾಗ ಲುಕ್ರಾ ಅದೇ ಮೇಜಿನ ಮುಂದೆ ಬೀನ್ಸ್ ಮುರಿಯುತ್ತಿದ್ದಳು.

"ಹೇಗಿದೆ ಅಮ್ಮಾ?"

"ಒಂದು ತಪ್ಪಿದೆ."

"ಏನು?"

"ಕೂಗು ಐದು ಸಲ ಎದ್ದಿತು ಅಂತ ಬರೆದಿದ್ದೀಯ. ಎಣಿಸಿ ನೋಡ್ದೆ. ಮೊದಲ ದಿನ ಎರಡು, ಎರಡನೇ ದಿನ ಎರಡು, ಮೂರನೇ ದಿನ ಎರಡು. ಆರು." ಮುರಿದ ಬೀನ್ಸನ್ನು ಪಾತ್ರೆಗೆ ಹಾಕಿದಳು. "ಆರು ಸಲಾನೂ ಕೂತಿದ್ದೀನಿ ನಾನು. ಒಂದನ್ನೂ ಬಿಡಬೇಡ."